ಅಪಾಯ: ಕಡಿಮೆ

ನಮ್ಮ ಆಸ್ಪತ್ರೆಗೆ ಯಾರಾದರೂ ದೊಡ್ಡವರು ನೋಡಲು ಬರುತ್ತಾರೆ ಅಂದರೆ ಮೊದಲು ಮಾಯವಾಗುವುದು ಕೆಲಸ. ಮುರಿದ ಗಾಲಿಕುರ್ಚಿಗಳು ತಾರಸಿ ಹತ್ತುತ್ತವೆ. ಮೆಟ್ಟಿಲ ಕೆಳಗೆ ರಾಶಿ ಬಿದ್ದ ಹರಕು ಹಾಸಿಗೆಗಳು ಹೆಣದ ಕೋಣೆ ಪಕ್ಕದ ಶೆಡ್ಡಿಗೆ ಹೋಗಿ ಮಲಗುತ್ತವೆ. ವರಾಂಡದಲ್ಲಿ ನೆಲದ ಮೇಲೆ ಮಲಗಿದ್ದ ರೋಗಿಗಳನ್ನೆಲ್ಲ ಎಬ್ಬಿಸಿ ಎಕ್ಸ್‌ರೇ ಸಾಲಿನಲ್ಲಿ ನಿಲ್ಲಿಸುತ್ತಾರೆ, ಎಕ್ಸ್‌ರೇ ಬೇಕಿಲ್ಲದವರನ್ನೂ. ಇದನ್ನೆಲ್ಲ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸಾಗಿಸುವವನು ನಾನು. ಸ್ಟ್ರೆಚರ್ ತಳ್ಳುವುದು ನನ್ನ ಕೆಲಸ. ಅದಕ್ಕೇ ಎಲ್ಲರೂ ನನ್ನನ್ನು ಗಾಡಿ ಅಂತಲೇ ಕರೆಯುತ್ತಾರೆ. ವಿಸಿಟ್ ದಿನ ರೋಗಿಗಳಿಗಿಂತ ಜಾಸ್ತಿ ಸಾಮಾನು ನನ್ನ ಸ್ಟ್ರೆಚರ್ ಮೇಲೆ ಮಲಗಿ ಓಡಾಡುತ್ತದೆ.

ಹಾಗಾಗಿ ಅಪಾಯದ ಸರ್ ಬರುತ್ತಾರೆ ಅಂದಾಗಲೂ ಆಸ್ಪತ್ರೆಯವರು ಅದನ್ನೇ ಮಾಡಿದರು. ಆಸ್ಪತ್ರೆ ಕೆಲಸದವರಿಗೆ ಯಾವ ಕೋಣೆಯಲ್ಲಿ ಎಷ್ಟು ಅಪಾಯ ಅಂತ ನೋಡಿ, ಅಳೆದು, ಹೇಳಲು ಬರುವ ಮನುಷ್ಯ ಅವರು. ಅಂಥವರಿಗೆ ಇವರು ಅಪಾಯವನ್ನೇ ಬಚ್ಚಿಟ್ಟು, ನೆಲ ಒರೆಸಿ, ಖಾಲಿ ಕೋಣೆ ತೋರಿಸಿದರು. ಎಲ್ಲರಿಗಿಂತ ಚೆನ್ನಾಗಿ ಬಚ್ಚಿಟ್ಟವಳು ನನ್ನ ಅತ್ತಿಗೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆಯ ಕೋಣೆ ಎಂಥದ್ದು ಅಂತ ಹೇಳಿಬಿಡುತ್ತೇನೆ. ಬಾಯಿಂದ ಹೊಟ್ಟೆಯೊಳಗೆ ಉದ್ದದ ಕೊಳವೆ ಇಳಿಸಿ ನೋಡುತ್ತಾರಲ್ಲ, ಆ ಕೋಣೆಯ ಹಿಂದೆ ಒಂದು ತೊಳೆಯುವ ಕೋಣೆ ಇದೆ. ಒಬ್ಬರ ಗಂಟಲಿಂದ ಬಂದ ಕೊಳವೆ ಇನ್ನೊಬ್ಬರ ಗಂಟಲಿಗೆ ಹೋಗುವ ಮೊದಲು ಅಲ್ಲಿಗೆ ಬರಬೇಕು. ಸೋಪಿನ ನೀರಲ್ಲಿ ಉಜ್ಜಬೇಕು, ಒಳಗೆಲ್ಲ ಸಣ್ಣ ಬ್ರಷ್ ತೂರಿಸಿ ಎಳೆಯಬೇಕು, ಆಮೇಲೆ ಔಷಧಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ಆ ಔಷಧಿ ನೀರು ಎಂಥ ಕ್ರಿಮಿಯನ್ನೂ ಬಿಡುವುದಿಲ್ಲ. ಪಕ್ಕದಲ್ಲಿ ನಿಂತವರನ್ನೂ ಬಿಡುವುದಿಲ್ಲ. ಕೊಳೆತ ಹಣ್ಣಿನ ಥರ ವಾಸನೆ, ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಖಾರ ಎರಚಿದ ಹಾಗೆ ಆಗುತ್ತದೆ. ಗೋಡೆಯ ಫ್ಯಾನು ಯಾವತ್ತೋ ಕೆಟ್ಟು ಕೂತಿದೆ. ಕಿಟಕಿಗೆ ಹಲಗೆ ಹೊಡೆದು ಪಕ್ಕದ ಕೋಣೆಯ ಎ.ಸಿ. ಕೂರಿಸಿದ್ದಾರೆ. ಡಾಕ್ಟರಿಗೆ ತಂಪು, ಅತ್ತಿಗೆಗೆ ಹಲಗೆ. ಬಾಗಿಲಾದರೂ ತೆಗೆದಿಡೋಣ ಅಂದರೆ ಹೊರಗೆ ಬೆಂಚಿನ ಮೇಲೆ ಕೂತ ರೋಗಿಗಳು ಕೆಮ್ಮುತ್ತಾರೆ ಅಂತ ಇನ್‌ಚಾರ್ಜ್ ಸಿಸ್ಟರ್ ಬಂದು ಮುಚ್ಚಿಸುತ್ತಾರೆ. ರೋಗಿಗಳು ಕೆಮ್ಮಬಾರದು. ಸರಿ. ಒಳಗಿರುವವಳು?

ನನ್ನ ಅಣ್ಣ ಮೋಟಾರು ರಿಪೇರಿ ಮಾಡುವವನು. ಹೆಂಡತಿಯ ಕೆಮ್ಮು ಕೇಳಿ ಕೇಳಿ ಸಾಕಾಗಿ, ಒಂದು ದಿನ ಸಲಕರಣೆ ಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೇ ಬಂದ. "ಆ ಫ್ಯಾನು ನಾನೇ ಸರಿ ಮಾಡಿ ಕೊಡ್ತೀನಿ, ಏನೂ ಕೊಡೋದು ಬೇಡ" ಅಂದ. ಹೊರಗಿನವರು ಆಸ್ಪತ್ರೆಯ ಸಾಮಾನು ಮುಟ್ಟುವಂತಿಲ್ಲ, ಅಪಾಯ ಅಂತ ಹೇಳಿ ಗೇಟಿನಿಂದಲೇ ವಾಪಸ್ ಕಳಿಸಿದರು. ಅವನು ಗಲಾಟೆ ಮಾಡುವವನಲ್ಲ. ಚೀಲ ಹೆಗಲಿಗೇರಿಸಿಕೊಂಡು ಹೋದ. ನಮ್ಮ ಮನೆಯ ಕೋಪವೆಲ್ಲ ನನ್ನ ಪಾಲಿಗೇ ಬಂದಿದೆ ಅಂತ ಕಾಣುತ್ತದೆ.

ಎದೆ ಡಾಕ್ಟರು ಮಾತ್ರ ಸುತ್ತಿ ಬಳಸಿ ಮಾತಾಡಲಿಲ್ಲ. "ಇನ್ನೊಂದಿಷ್ಟು ದಿನ ಆ ಕೋಣೆಯಲ್ಲಿದ್ದರೆ ನಿಮ್ಮ ಶ್ವಾಸಕೋಶ ವಾಪಸ್ ಬರಲ್ಲಮ್ಮ. ಅಲ್ಲಿಂದ ಹೊರಗೆ ಬನ್ನಿ" ಅಂದರು. ಆದರೆ ಹೊರಗೆ ಬರಲು ದಾರಿ ಒಂದೇ. ಕೋಣೆಯಲ್ಲಿ ಅಪಾಯ ಹೆಚ್ಚು ಅಂತ ಆದರೆ ಅದನ್ನು ಮುಚ್ಚಿ, ಅಲ್ಲಿರುವವರನ್ನು ಅದೇ ಸಂಬಳಕ್ಕೆ ಬೇರೆ ಕಡೆ ಹಾಕಬೇಕು. ಹಾಗಂತ ಹೇಳಬೇಕಾದವರು ಅಪಾಯದ ಸರ್. ಅವರು ಬರುತ್ತಾರೆ ಅಂತ ಗೊತ್ತಾದಾಗ ಸ್ಟ್ರೆಚರ್ ತಳ್ಳಿಕೊಂಡೇ ಸಿಳ್ಳೆ ಹಾಕಿದೆ. ಮಲಗಿದ್ದ ಅಜ್ಜ ತಲೆ ಎತ್ತಿ, "ಏನಪ್ಪಾ, ನನ್ನನ್ನ ಬಿಟ್ಟು ಬರೋಕೆ ಅಷ್ಟೊಂದು ಖುಷಿನಾ?" ಅಂತ ಕೇಳಿದ.

ಅವರು ಬಂದ ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಕೊಳವೆ ಕೆಲಸವನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿದರು. ತೊಟ್ಟಿ ಖಾಲಿ ಮಾಡಿಸಿದರು. ಇಷ್ಟು ಮಾಡುತ್ತಾರೆ ಅಂತ ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅತ್ತಿಗೆ ಮಾಡಿದ್ದು.

ನಾನು ಒಬ್ಬ ರೋಗಿಯನ್ನು ಬಿಟ್ಟು ಬರುವಾಗ ಆ ಬಾಗಿಲು ಹಾರು ಹೊಡೆದಿತ್ತು. ಯಾವತ್ತೂ ತೆರೆಯದ ಬಾಗಿಲು. ಒಳಗೆ ಕೋಣೆ ಮದುವೆಗೆ ಬಣ್ಣ ಬಳಿಸಿಕೊಂಡ ಹಾಗೆ ಕೂತಿದೆ. ತೊಟ್ಟಿ ತೊಳೆದು ಬೋರಲು ಹಾಕಿ ಮೇಲೆ ಬಿಳಿ ಬಟ್ಟೆ ಹೊದಿಸಿದ್ದಾಳೆ. ಔಷಧಿ ಕ್ಯಾನುಗಳು ಎಲ್ಲೋ ಹೋಗಿವೆ. ನಲ್ಲಿ ಮಿರಿಮಿರಿ ಹೊಳೆಯುತ್ತಿದೆ. ಕೆಟ್ಟ ಫ್ಯಾನಿನ ರೆಕ್ಕೆಯನ್ನೂ ಬಿಡದೆ ಒರೆಸಿದ್ದಾಳೆ, ಮಹಾತಾಯಿ. ಒಗೆದ ಸೀರೆ ಉಟ್ಟು, ಕೆಮ್ಮು ಬರದ ಹಾಗೆ ಬಾಯಲ್ಲಿ ಮಾತ್ರೆ ಚೀಪುತ್ತಾ, ಕೈಕಟ್ಟಿ ನಿಂತಿದ್ದಾಳೆ. ಎದುರಿಗೆ ಅಪಾಯದ ಸರ್. ಮೆತ್ತಗಿನ ಮಾತಿನ, ದಪ್ಪ ಕನ್ನಡಕದ ಮನುಷ್ಯ. ಮೂಗೆತ್ತಿ ಗಾಳಿ ಎಳೆದು ನೋಡಿದರು. ಸಿಕ್ಕಿದ್ದು ಸೋಪಿನ ವಾಸನೆ.

"ಬಹಳ ಚೆನ್ನಾಗಿಟ್ಟುಕೊಂಡಿದ್ದೀರಿ" ಅಂದರು.

ಅತ್ತಿಗೆಯ ಮುಖ ಅರಳಿತು.

ಅಷ್ಟೇ, ನನಗೆ ಕೋಪ ನೆತ್ತಿಗೇರಿತು. ಗಾಡಿ ಅಲ್ಲೇ ಬಿಟ್ಟು ಒಳಗೆ ನುಗ್ಗಿದೆ. "ಸರ್, ಇದು ಸುಳ್ಳು. ದಿನಾ ಈ ಬಾಗಿಲು ಮುಚ್ಚಿರುತ್ತೆ. ಈ ತೊಟ್ಟಿ ತುಂಬಿರುತ್ತೆ. ಮಧ್ಯಾಹ್ನ ಬನ್ನಿ, ಇಲ್ಲಿ ನಿಂತು ತೋರಿಸಿ!"

"ಯಾರು ಇವರು?" ಅಂತ ಅವರು ಸಿಸ್ಟರನ್ನು ಕೇಳಿದರು.

"ಸ್ಟ್ರೆಚರ್ ತಳ್ಳುವವನು ಸರ್. ಇಲ್ಲಿಗೆ ಸಂಬಂಧ ಇಲ್ಲ."

"ಸಂಬಂಧ ಇಲ್ವಾ? ಅವಳು ನನ್ನ ಅತ್ತಿಗೆ!"

ಅಪಾಯದ ಸರ್ ನನ್ನ ಮೇಲೆ ರೇಗಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಅತ್ತಿಗೆಯ ಕಡೆ ತಿರುಗಿದರು. "ಕೆಲಸ ಮಾಡೋದು ನೀವು. ನೀವೇ ಹೇಳಿ. ಇಲ್ಲಿ ನಿಮಗೆ ಏನಾದರೂ ತೊಂದರೆ ಇದೆಯಾ? ಕಣ್ಣು ಉರಿ, ಉಸಿರಾಟ, ಏನಾದರೂ?"

ಎಂಥ ಪ್ರಶ್ನೆ! ಬಾಯಿಗೆ ತುತ್ತು ಇಟ್ಟ ಹಾಗೆ ಕೇಳಿದ್ದಾರೆ. ನುಂಗಿದರೆ ಸಾಕು. ನಾನು ಅವಳ ಬಾಯನ್ನೇ ನೋಡುತ್ತಾ ನಿಂತೆ.

"ಅಯ್ಯೋ, ತೊಂದರೆ ಏನೂ ಇಲ್ಲ ಸರ್" ಅಂದಳು ಅತ್ತಿಗೆ. "ಅವನ ಮಾತು ಬಿಡಿ. ನನ್ನ ಮೈದುನ. ಚಿಕ್ಕವನಿದ್ದಾಗಿಂದ ಹಾಗೇ, ಕೋಪ ಮೂಗಿನ ತುದೀಲೇ ಇರುತ್ತೆ. ಮದುವೆ ಮಾಡಿದ್ರೆ ಸರಿ ಹೋಗ್ತಾನೆ."

ಸಿಸ್ಟರ್ ನಕ್ಕರು. ಅಪಾಯದ ಸರ್ ಕೂಡ ನಕ್ಕರು. ನಾನು ಅಲ್ಲಿ ನಿಲ್ಲಲಿಲ್ಲ. ನಿಂತಿದ್ದರೆ ಆ ಹೊಳೆಯುವ ನಲ್ಲಿಯನ್ನು ಕಿತ್ತು ಬಿಸಾಡುತ್ತಿದ್ದೆ.

ಸಂಜೆ ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ. ನಾನು ತಟ್ಟೆ ಮುಟ್ಟಲಿಲ್ಲ.

"ನಿನ್ನ ಹೆಂಡ್ತಿ ಏನ್ ಮಾಡಿದ್ಲು ಕೇಳು" ಅಂದೆ.

"ಮೊದಲು ಊಟ ಮಾಡೋ."

"ಸಾಯ್ತೀನಿ ಅಂತ ಹಟ ಮಾಡ್ತಿದಾಳೆ, ಕೇಳು ಅವಳನ್ನ!"

ಅತ್ತಿಗೆ ಒಲೆ ಆರಿಸಿ ಬಂದಳು. "ಕೂಗಾಡ್ಬೇಡ. ಪಕ್ಕದ ಮನೆಯವರಿಗೆ ಬಿಟ್ಟಿ ನಾಟಕ ಬೇಡ."

"ಯಾಕೆ ಹೇಳಲಿಲ್ಲ ನೀನು? ಅವರು ಕೇಳಿದ್ರು. ಮೆತ್ತಗೆ, ಮರ್ಯಾದೆಯಾಗಿ ಕೇಳಿದ್ರು. ಇನ್ನು ಹ್ಯಾಗೆ ಕೇಳ್ಬೇಕಿತ್ತು, ಕಾಲಿಗೆ ಬಿದ್ದಾ?"

"ಬಂದವರ ಎದುರಿಗೆ ನಮ್ಮ ಕೋಣೆ ಗಬ್ಬು ಅಂತ ನಾನೇ ಹೇಳ್ಲಾ?"

"ಗಬ್ಬಲ್ಲ ಅತ್ತಿಗೆ, ವಿಷ! ಅವರು ಬಂದಿದ್ದು ಕಸ ನೋಡೋಕಲ್ಲ!"

"ನೋಡೋಕೆ ಬಂದವರು ಎಲ್ಲ ಒಂದೇ" ಅಂದಳು. ಹಿಂದೊಮ್ಮೆ ಯಾವುದೋ ವಿಸಿಟ್‌ನವರು ಬಂದಾಗ ಆಸ್ಪತ್ರೆಯ ಅತಿ ಚೊಕ್ಕ ಕೋಣೆ ಅಂತ ಅವಳ ಕೋಣೆಗೆ ಚಪ್ಪಾಳೆ ತಟ್ಟಿದ್ದರು. ಈಗಲೂ ಹಾಗೇ ಚಪ್ಪಾಳೆ ಬೀಳುತ್ತೆ ಅಂದುಕೊಂಡು, ತನ್ನ ಉಸಿರು ತೆಗೆಯುವ ತೊಟ್ಟಿಗೆ ತಾನೇ ಬಿಳಿ ಬಟ್ಟೆ ಹೊದಿಸಿದ್ದಾಳೆ! ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಗೋಡೆಗೆ ಗುದ್ದಿದೆ. ಕೈ ನೋವಾಯಿತು, ಗೋಡೆಗೆ ಏನೂ ಆಗಲಿಲ್ಲ.

ಆಮೇಲೆ ಅವಳು ನಿಜ ಹೇಳಿದಳು. ಕೆಮ್ಮಿನ ನಡುವೆ, ಬಿಟ್ಟು ಬಿಟ್ಟು.

"ಆ ಕೋಣೆ ಮುಚ್ಚಿದ್ರೆ ನನ್ನನ್ನ ಎಲ್ಲಿಗೆ ಹಾಕ್ತಾರೆ ಗೊತ್ತಾ? ಬಟ್ಟೆ ಮಡಚೋಕೆ. ಇಲ್ಲಾ ವಾರ್ಡಿಗೆ, ಮಲದ ಪಾತ್ರೆ ಎತ್ತೋಕೆ. ನನ್ನ ಮಗಳ ವಯಸ್ಸಿನ ಹುಡುಗೀರು 'ಏ ಆಯಾ, ಬಾ ಇಲ್ಲಿ' ಅಂತಾರೆ. ಈ ಕೋಣೇಲಿ ಡಾಕ್ಟ್ರೇ ಬಂದು ಬಾಗಿಲು ತಟ್ತಾರೆ ಕಣೋ. 'ಅಮ್ಮಾ, ಕೊಳವೆ ಆಯ್ತಾ?' ಅಂತ ಕೇಳ್ತಾರೆ. ಆಗಿಲ್ಲ ಅಂದ್ರೆ ಅಷ್ಟು ದೊಡ್ಡ ಡಾಕ್ಟ್ರು ಕಾಯ್ತಾರೆ. ಇಷ್ಟು ವರ್ಷದಲ್ಲಿ ನನಗೆ ಅಂತ ಸಿಕ್ಕಿದ್ದು ಅದೊಂದೇ. ಅದನ್ನೂ ಕಿತ್ಕೊಳ್ಳೋಕೆ ನಿಂತಿದೀಯಲ್ಲ ನೀನು!"

ಅಣ್ಣ ಕೈ ತೊಳೆದ. ಅವನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. "ಇಬ್ರೂ ಸುಮ್ನಿರಿ" ಅಂದ.

ಕೆಲವು ದಿನ ಕಳೆದ ಮೇಲೆ ಬಾಗಿಲಿಗೆ ಹಸಿರು ಚೀಟಿ ಬಂತು. 'ಅಪಾಯ: ಕಡಿಮೆ'. ನಾನು ಶಾಲೆ ಬಿಟ್ಟು ಎಷ್ಟೋ ಕಾಲವಾಯಿತು, ಆದರೆ ಇಷ್ಟು ಓದಲು ಬರುತ್ತದೆ. ದಿನಾ ಆ ಕಡೆ ಗಾಡಿ ತಳ್ಳಿಕೊಂಡು ಹೋಗುವಾಗ ಓದುತ್ತಿದ್ದೆ. ಹಿಂದೆ ಬಾಗಿಲು ಮುಚ್ಚಿದೆ, ಒಳಗೆ ಕೆಮ್ಮು. ಹೊರಗೆ ಹಸಿರು.

ಆ ಕೆಮ್ಮು ಒಂದು ಮಧ್ಯಾಹ್ನ ನಿಂತಿತು. ನಿಂತದ್ದೇ ನನಗೆ ಭಯ ಹುಟ್ಟಿಸಿತು. ಬಾಗಿಲು ತಳ್ಳಿದೆ. ಅತ್ತಿಗೆ ತೊಟ್ಟಿಯ ಅಂಚು ಹಿಡಿದು ಬಗ್ಗಿದ್ದಳು, ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ತುಟಿ ನೀಲಿ. ಎತ್ತಿ ಸ್ಟ್ರೆಚರ್ ಮೇಲೆ ಹಾಕಿದೆ. ಈ ವರಾಂಡದಲ್ಲಿ ಎಷ್ಟು ಜನರನ್ನು ತಳ್ಳಿದ್ದೇನೋ, ಹಾಗೆ ಯಾವತ್ತೂ ತಳ್ಳಿಲ್ಲ. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ತುರ್ತು ವಾರ್ಡಿನಲ್ಲಿ ಮುಖಕ್ಕೆ ಗಾಳಿ ಮುಖವಾಡ ಹಾಕಿದರು. ಸೂಜಿ ಚುಚ್ಚಿದರು. ಉಸಿರು ನಿಧಾನಕ್ಕೆ ವಾಪಸ್ ಬಂತು, ಬಂತು ಅಂತ ಹೇಳಲಾಗದಷ್ಟು ಕಡಿಮೆ. ಎಳೆ ವಯಸ್ಸಿನ ಡಾಕ್ಟರು ಕೇಳಿದರು, "ಮನೇಲಿ ಬೆಕ್ಕು ಇದೆಯಾ? ಧೂಳು?"

"ಬೆಕ್ಕಿಲ್ಲ. ತೊಟ್ಟಿ ಇದೆ. ಇಲ್ಲೇ, ಮೇಲಿನ ಮಹಡಿಯಲ್ಲಿ" ಅಂದೆ.

ಓಡಿ ಬಂದಿದ್ದ ಇನ್‌ಚಾರ್ಜ್ ಸಿಸ್ಟರ್ ನಡುವೆ ಬಾಯಿ ಹಾಕಿದರು. "ಆ ಕೋಣೆ ಅಪಾಯ ಕಡಿಮೆ ಅಂತ ಈಗಷ್ಟೇ ಆಗಿದೆ ಡಾಕ್ಟ್ರೇ. ಇದು ಕೆಲಸದಿಂದ ಬಂದದ್ದಲ್ಲ. ಆಸ್ತಮಾ. ಮನೆಯಿಂದ ತಂದದ್ದು."

ಮನೆಯಿಂದ ತಂದದ್ದಂತೆ! ಬುತ್ತಿ ತಂದ ಹಾಗೆ! ನಾನು ಏನು ಕೂಗಿದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ಸೆಕ್ಯುರಿಟಿಯವನು ಬಂದು ತೋಳು ಹಿಡಿದ. ಅವನೂ ನನ್ನ ಜೊತೆ ಚಹಾ ಕುಡಿಯುವವನೇ, ಕಿವಿಯಲ್ಲಿ "ಬಾರೋ, ನನ್ನ ಕೆಲಸಾನೂ ಕಳೀಬೇಡ" ಅಂದ. ಹೊರಗೆ ಹೋಗುವಾಗ ತಿರುಗಿ ನೋಡಿದೆ. ಅತ್ತಿಗೆ ಮುಖವಾಡದ ಮೇಲಿನಿಂದ ಸಿಸ್ಟರನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಮನೆಯಲ್ಲಿ ಮಲಗಿದ್ದಷ್ಟು ದಿನ ಅವಳು ಮಾತಾಡಲಿಲ್ಲ. ಅಣ್ಣ, "ಕೆಲಸ ಬಿಟ್ಬಿಡು, ಹ್ಯಾಗೋ ಆಗುತ್ತೆ" ಅಂದ. ಅವಳು ಗೋಡೆ ಕಡೆ ಹೊರಳಿ ಮಲಗಿದಳು. ವಾಪಸ್ ಕೆಲಸಕ್ಕೆ ಬಂದ ದಿನ ಸಿಸ್ಟರಿನ ಹತ್ತಿರ ಹೋಗಿ ಬೇರೆ ಕಡೆ ಹಾಕಿ ಅಂತ ಕೇಳಿದಳಂತೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಸಿಸ್ಟರ್ ಹೇಳಿದ್ದಿಷ್ಟು: "ಕೋಣೆ ಸರಿಯಾಗಿದೆ ಅಂತ ನೀವೇ ತಾನೇ ಸರ್ ಮುಂದೆ ಹೇಳಿದ್ದು? ಆಗೋದಾದ್ರೆ ಮಾಡಿ, ಆಗದಿದ್ರೆ ಮನೇಲಿರಿ."

ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ನಾನು ಲಿಫ್ಟಿನ ಮುಂದೆ ನಿಂತಿದ್ದೆ.

"ಗಾಡಿ ಖಾಲಿ ಇದೆಯಾ?"

"ಇದೆ. ಯಾರು ಹೋಗ್ಬೇಕು?"

"ತೊಟ್ಟಿ."

ನನಗೆ ಅರ್ಥವಾಗಲಿಲ್ಲ. ಅವಳ ಹಿಂದೆ ಹೋದೆ. ಬಾಗಿಲಿನ ಹಸಿರು ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಹರಿಯದ ಹಾಗೆ ಕಿತ್ತು, ಔಷಧಿ ತುಂಬಿದ ತೊಟ್ಟಿಯ ಹೊಟ್ಟೆಗೆ ಅಂಟಿಸಿದಳು. ಮುಚ್ಚಳ ಬಿಗಿದಳು. ಇಬ್ಬರೂ ಸೇರಿ ಎತ್ತಿ ಸ್ಟ್ರೆಚರ್ ಮೇಲೆ ಇಟ್ಟೆವು. ಅಕ್ಕಪಕ್ಕ ದಿಂಬು ಒತ್ತರಿಸಿ, ಮೇಲೆ ಬಿಳಿ ಚಾದರ ಹೊದಿಸಿದಳು. ವರಾಂಡದಲ್ಲಿ ಒಬ್ಬ ಹೆಂಗಸು ನೋಡಿ ಕೈ ಮುಗಿದಳು, ಯಾರದೋ ಹೆಣ ಅಂದುಕೊಂಡು.

"ಎಲ್ಲಿಗೆ?" ಅಂದೆ.

"ಮೀಟಿಂಗ್ ಹಾಲಿಗೆ. ಅಪಾಯದ ಸರ್ ಬಂದಿದಾರೆ. ಯಾವ ಕೋಣೆ ಏನು ಅಂತ ದೊಡ್ಡವರಿಗೆಲ್ಲ ಹೇಳ್ತಿದಾರಂತೆ."

ಆಗ ನನಗೆ ಅರ್ಥವಾಯಿತು. "ಮುಚ್ಚಳ ನಾನು ತೆಗೀತೀನಿ ಅತ್ತಿಗೆ. ಆ ಗಾಳಿ ನಿನಗೆ ಬೇಡ."

"ನೀನು ಗಾಡಿ ತಳ್ಳು. ಚೆಲ್ಲಿದ್ರೆ ಒರೆಸೋಳು ನಾನೇ."

ಹಾಲಿನ ಬಾಗಿಲು ದಪ್ಪ ಗಾಜು. ಕಿಟಕಿಗಳೂ ಗಾಜು, ತೆರೆಯಲು ಬಾರದವು. ಒಳಗೆ ಹಿಮದಂಥ ತಂಪು. ಉದ್ದ ಮೇಜಿನ ಸುತ್ತ ಆಡಳಿತದವರು, ಡಾಕ್ಟರುಗಳು, ಸಿಸ್ಟರ್, ತುದಿಯಲ್ಲಿ ಅಪಾಯದ ಸರ್. ನಾವು ಒಳಗೆ ಹೋದಾಗ ಎಲ್ಲರೂ ಚಾದರ ನೋಡಿ ಎದ್ದು ನಿಂತರು.

"ಏನಿದು? ಪೇಷಂಟನ್ನ ಇಲ್ಲಿಗೆ ಯಾಕೆ ತಂದ್ರಿ?" ಅಂತ ಆಡಳಿತಾಧಿಕಾರಿ ಗುಡುಗಿದರು.

ಅತ್ತಿಗೆ ಗಾಜಿನ ಬಾಗಿಲು ಎಳೆದು ಮುಚ್ಚಿದಳು. "ಸಿಸ್ಟರ್ ಹೇಳಿದಾರೆ ಸರ್, ಕೆಲಸ ಮಾಡುವಾಗ ಬಾಗಿಲು ಮುಚ್ಚಿರ್ಬೇಕು ಅಂತ." ಚಾದರ ತೆಗೆದಳು. ಏಪ್ರನ್ ಕಟ್ಟಿದಳು. ಕೈಗವಸು ಹಾಕಿದಳು. ಹಸಿರು ಚೀಟಿ ಎಲ್ಲರಿಗೂ ಕಾಣುವ ಹಾಗೆ ತೊಟ್ಟಿ ತಿರುಗಿಸಿದಳು. "ಕೂತ್ಕೊಳ್ಳಿ. ಅಪಾಯ ಕಡಿಮೆ. ನೀವು ನಿಮ್ಮ ಕೆಲಸ ಮಾಡಿ, ನಾನು ನನ್ನ ಕೆಲಸ ಮಾಡ್ತೀನಿ."

ಮುಚ್ಚಳ ತೆಗೆದಳು.

ಸಿಸ್ಟರೇ ಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆಮೇಲೆ ಒಬ್ಬೊಬ್ಬರಿಗೇ ಕಣ್ಣು ತುಂಬಿತು. ಅಷ್ಟು ಹೊತ್ತು ಗಂಭೀರವಾಗಿದ್ದವರು ಕುರ್ಚಿ ಬೀಳಿಸಿಕೊಂಡು ಹಿಂದೆ ಸರಿದರು. ಯಾರೋ ಕಿಟಕಿ ತಡಕಾಡಿದರು, ಅದಕ್ಕೆ ಹಿಡಿಯೇ ಇಲ್ಲ. "ಮುಚ್ಚಮ್ಮ! ತಲೆ ಕೆಟ್ಟಿದೆಯಾ? ಮುಚ್ಚು!" ಅಂತ ಆಡಳಿತಾಧಿಕಾರಿ ಕೂಗಲು ಹೋಗಿ ಕೆಮ್ಮಿದರು. ಅತ್ತಿಗೆ ತೊಟ್ಟಿಯಿಂದ ಕೊಳವೆ ಎತ್ತಿ, ನೀರು ಸುರಿಸಿ, ಮತ್ತೆ ಮುಳುಗಿಸಿದಳು. ಯಾರ ಕಡೆಯೂ ನೋಡಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವರನ್ನೆಲ್ಲ ಇಡೀ ದಿನ ಅಲ್ಲೇ ಕೂಡಿಹಾಕಬೇಕು ಅನ್ನಿಸಿತ್ತು. ಆದರೆ ಅತ್ತಿಗೆ ಕೆಮ್ಮಿದಳು. ಆ ಒಣ ಕೆಮ್ಮು ಕೇಳಿದ ಕೂಡಲೇ ನಾನೇ ಬಾಗಿಲು ಹಾರು ಹೊಡೆದೆ. ಎಲ್ಲರೂ ನನ್ನನ್ನು ತಳ್ಳಿಕೊಂಡು ಹೊರಗೆ ಓಡಿದರು.

ಉಳಿದವರು ಅಪಾಯದ ಸರ್ ಒಬ್ಬರೇ. ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಕನ್ನಡಕದ ಹಿಂದೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ತಾವೇ ತೊಟ್ಟಿಯ ಮುಚ್ಚಳ ಮುಚ್ಚಿದರು.

"ಅವತ್ತು ಯಾಕಮ್ಮ ಹೇಳಲಿಲ್ಲ?" ಅಂದರು.

"ಅವತ್ತು ಕೋಣೆ ನೋಡೋಕೆ ಬಂದಿದ್ರಿ ಅಂದ್ಕೊಂಡೆ" ಅಂದಳು ಅತ್ತಿಗೆ. "ನನ್ನನ್ನ ನೋಡೋಕೆ ಬಂದಿದ್ರಿ ಅಂತ ಗೊತ್ತಿರ್ಲಿಲ್ಲ."

ಅವರು ಮೂಗಿನ ಕರವಸ್ತ್ರ ಕೆಳಗಿಳಿಸಿದರು. "ಈಗ ಹೇಳಿ" ಅಂದರು.

ಅತ್ತಿಗೆ ಬಾಯಿ ತೆರೆದಳು, ಮುಚ್ಚಿದಳು. ಇಷ್ಟು ಜನರನ್ನು ಓಡಿಸಿದವಳಿಗೆ ಈ ಮಾತು ಮಾತ್ರ ಹೊರಡುತ್ತಿರಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಹೇಳು, ಹೇಳು ಅಂತ ಅವತ್ತು ಎಷ್ಟು ಕೂಗಾಡಿದ್ದೆ. ಈಗ ನನಗೂ ತುಟಿ ಬಿಚ್ಚಲಾಗಲಿಲ್ಲ.

"ಉಸಿರಾಡೋಕೆ ಆಗ್ತಿಲ್ಲ ಸರ್" ಅಂದಳು ಕೊನೆಗೆ. "ಆ ಕೋಣೆ ನನಗೆ ಬೇಡ. ಎಲ್ಲಿಗೆ ಬೇಕಾದ್ರೂ ಹಾಕಿ. ಬಟ್ಟೆ ಮಡಚೋಕೆ ಹಾಕಿದ್ರೂ ಸರಿ."

ಕೈಗವಸು ಬಿಚ್ಚಿದಳು. ಒಳಗಿನ ಬೆರಳುಗಳು ಸಿಪ್ಪೆ ಎದ್ದು ಬೆಳ್ಳಗಾಗಿದ್ದವು. ಅವುಗಳನ್ನು ಸೆರಗಿನಲ್ಲಿ ಒರೆಸಿಕೊಂಡು, ನನ್ನ ಗಾಡಿ, ತೊಟ್ಟಿ, ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ನಡೆದಳು. ಗಾಜಿನಾಚೆ ನಿಂತವರು ದಾರಿ ಬಿಟ್ಟರು. ಅವಳು ಅಳುತ್ತಿದ್ದಳು. ಔಷಧಿಯಿಂದ ಅಂತ ಅವರೆಲ್ಲ ಅಂದುಕೊಂಡಿರುತ್ತಾರೆ.

ಆಡಳಿತಾಧಿಕಾರಿ ನನ್ನ ಎದುರಿಗೆ ಬಂದರು. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. "ನಾಳೆಯಿಂದ ನೀನು ಬರೋದು ಬೇಡ" ಅಂದರು.

"ಆಯ್ತು ಸರ್" ಅಂದೆ. "ಮೊದಲು ಮುಖ ತೊಳ್ಕೊಳ್ಳಿ. ಉಜ್ಬೇಡಿ, ಇನ್ನೂ ಉರಿಯುತ್ತೆ."